ತ್ರಿಯೆಸ್ತೆಯ ಮಾತಿನಂಗಡಿ

ಮ್ಯೂನಿಕ್ ನಗರದಲ್ಲಿ ನೌಕರಿಯಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳಿದ್ದು, ಹಿಂದಿರುಗುವ ಮುನ್ನ ಒಮ್ಮೆ ಸಮುದ್ರವನ್ನು ಕಾಣಬೇಕೆಂದು ನಮ್ಮ ಮನೆಯವರು ಆಶೆಪಟ್ಟುದರಿಂದ, ಆರು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು, ರೈಲಿನಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿ ದೇಶದ ತ್ರಿಯೆಸ್ತೆಗೆ ಬಂದೆವು. ಹುಡುಗಿಗೆ ಜರ್ಮನ್ ನೀರು ಕುಡಿದಷ್ಟು ಸುಲಭ. ಕನ್ನಡವನ್ನು ಕೇಳಿದರೆ ತಿಳಿದುಕೊಳ್ಳುವಳು. ಆಡೆಂದರೆ ಮಾತ್ರ ಮೌನಗೌರಿ. ಈ ಕೊರಗನ್ನು ಹೊತ್ತುಕೊಂಡೇ ನಾವು ಊರನ್ನು ನೋಡಿದೆವಾದುದರಿಂದ, ಬರವಣಿಗೆಯ ಮೇಲೆ ಅದರ ನೆರಳು ಬಿದ್ದಿದ್ದರೆ ವಾಚಕರು ಮನ್ನಿಸಬೇಕು.

ತ್ರಿಯೆಸ್ತೆಯು ಏಡ್ರಿಯಾಟಿಕ್ ಸಮುದ್ರದ ಈಶಾನ್ಯದ ಮೂಲೆಯಲ್ಲಿದೆ. ಹಿಂದೆ ಸುಣ್ಣಕಲ್ಲಿನ ಗುಡ್ಡ, ಮುಂದೆ ನೀರು, ನಡುವೆ ಊರು. ನೆಪೋಲಿಯನ್ನನ ಕಾಲದ ಕೆಲವು ವರ್ಷಗಳನ್ನು ಬಿಟ್ಟರೆ, 1382ರಿಂದ 1918ರ ವರೆಗೆ ಇದು ಆಸ್ಟ್ರಿಯದ ಅರಸರ ಕೈಯಲ್ಲಿದ್ದಿತು. 1719ರಲ್ಲಿ ಇದನ್ನು ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಗ್ರೀಕರು, ಸರ್ಬಿಯದವರು, ಯೆಹೂದ್ಯರು ವ್ಯಾಪಾರಕ್ಕಾಗಿ ಬಂದು ನೆಲಸಿದರು. ಬೀದಿಯಲ್ಲಿ ಇಟಾಲಿಯನ್, ಗುಡ್ಡದ ಹಳ್ಳಿಗಳಲ್ಲಿ ಸ್ಲೊವೇನಿಯನ್, ಸರಕಾರದ ಕಚೇರಿಗಳಲ್ಲಿ ಜರ್ಮನ್ ಎಂಬಂತೆ ಊರು ನಡೆಯುತ್ತಿತ್ತು. ಗುಡ್ಡದ ಕಡೆಯಿಂದ ಬೀಸುವ ‘ಬೋರಾ’ ಎಂಬ ಚಳಿಗಾಳಿಯ ಪ್ರತಾಪವು ಹೇಳತೀರದು. ಜನರು ಹಿಡಿದುಕೊಂಡು ನಡೆಯಲೆಂದು ಹಿಂದೆ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ.

ಈ ಊರು ಕಾಫಿಯ ಬಂದರು. ನಮ್ಮ ದೇಶದ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಇಟಲಿಯೂ ಒಂದಾದುದರಿಂದ, ಕೊಡಗು ಚಿಕ್ಕಮಗಳೂರುಗಳ ನೆಂಟಸ್ತಿಕೆಯ ಧೈರ್ಯದಿಂದ ಒಂದು ಕಾಫಿ ಅಂಗಡಿಯನ್ನು ಹೊಕ್ಕು, ಪುಸ್ತಕದಲ್ಲಿ ಉರುಹಾಕಿದ್ದಂತೆ ‘ಕಾಪುಚ್ಚೀನೊ’ ಎಂದೆವು. ಒಳಲೆಯಷ್ಟು ಬಟ್ಟಲಲ್ಲಿ ಎರಡು ಗುಟುಕು ಬಂದಿತು! ಇಟಲಿಯ ಬೇರೆಡೆಯಲ್ಲಿ ಆ ಹೆಸರಿಗೆ ದೊಡ್ಡ ಬಟ್ಟಲು ಬರುವುದು. ಇಲ್ಲಿ ಅದನ್ನು ಬೇಕೆನ್ನುವವರು ‘ಕಾಫೆಲಾತ್ತೆ’ ಎನ್ನಬೇಕು. ಬರಿಯ ಕಾಫಿಗೆ ‘ನೇರೊ’. ಚೂರು ಹಾಲಿನದಕ್ಕೆ ‘ಕಾಪೊ’. ಅದನ್ನೇ ಗಾಜಿನ ಲೋಟದಲ್ಲಿ ಬಯಸಿದರೆ ‘ಕಾಪೊ ಇನ್ ಬಿ’. ಪುಸ್ತಕವನ್ನು ಚೀಲದೊಳಕ್ಕೆ ಸೇರಿಸಿದೆವು.

ಅಲ್ಲಿಂದ ನಾವು ಸಾನ್ ನಿಕೊಲೊ ಬೀದಿಗೆ ಹೋದೆವು. ಇದರ 32ನೆಯ ಸಂಖ್ಯೆಯ ಕಟ್ಟಡದಲ್ಲಿ ಒಂದು ಕಾಲಕ್ಕೆ ಬರ್ಲಿಟ್ಸ್ ಭಾಷಾಶಾಲೆ ಇದ್ದಿತು. ಮಾತನ್ನು ಸರಕಾಗಿ ಮಾಡಿ ಗಂಟೆಯ ಲೆಕ್ಕದಲ್ಲಿ ಮಾರಿದವರಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ ಅಗ್ರಗಣ್ಯನು. 1852ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, 1878ರಲ್ಲಿ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಶಾಲೆ ತೆರೆದನು. ಆ ಸಂಸ್ಥೆಯವರು ಹೇಳಿಕೊಂಡು ಬಂದಿರುವ ಕಥೆ ಸೊಗಸಾಗಿದೆ. ಬರ್ಲಿಟ್ಸನು ಪತ್ರಮುಖೇನ ನಿಕೊಲಾ ಜೋಲಿ ಎಂಬ ಫ್ರೆಂಚನನ್ನು ಸಹಾಯಕನಾಗಿ ಗೊತ್ತುಮಾಡಿಕೊಂಡನು. ಬಂದವನಿಗೆ ಇಂಗ್ಲಿಷ್ ಒಂದಕ್ಷರವೂ ಬಾರದು! ಅಷ್ಟರಲ್ಲಿ ಬರ್ಲಿಟ್ಸನೇ ಕಾಯಿಲೆ ಬಿದ್ದನು. ವಿಧಿಯಿಲ್ಲದೆ, ವಸ್ತುಗಳನ್ನು ಬೆರಳಿಟ್ಟು ತೋರಿಸಿ ಹೇಗೋ ಸಂಬಾಳಿಸೆಂದು ಹೇಳಿ ಮಲಗಿದನು. ಕೆಲವು ವಾರಗಳ ಮೇಲೆ ಎದ್ದು, ಶಾಲೆ ಹಾಳಾಗಿರಬೇಕೆಂದು ಹೆದರುತ್ತ ಬಂದು ನೋಡಿದರೆ, ವಿದ್ಯಾರ್ಥಿಗಳು ಫ್ರೆಂಚಿನಲ್ಲಿ ಪ್ರಶ್ನೋತ್ತರ ನಡೆಸುತ್ತಿದ್ದರಂತೆ. ಅಂದಿನಿಂದ ಅನುವಾದವನ್ನು ಬಿಡಿಸಿದನು. ತರಗತಿಯ ಬಾಗಿಲು ದಾಟಿದ ಮೇಲೆ ವಿದ್ಯಾರ್ಥಿಯ ತಾಯಿನುಡಿಗೆ ಪ್ರವೇಶವಿಲ್ಲ.

ಈ ಪದ್ಧತಿಯೊಳಗೆ ಒಳ್ಳೆಯ ವ್ಯಾಪಾರದ ಗುಟ್ಟೂ ಉಂಟೆಂದು ನಮಗೆ ತೋರುವುದು. ಕಲಿಸುವವನಿಗೆ ತನ್ನ ಮನೆಮಾತಿನ ಹೊರತು ಬೇರೆ ಬಂಡವಾಳ ಬೇಡ. ಊರು ಬಿಟ್ಟು ಬಂದ ಬಡ ವಿದ್ಯಾವಂತನು ಯಾವ ಬಂದರಿನಲ್ಲಾದರೂ ದೊರೆಯುವನು. 1888ರಲ್ಲಿ ಬರ್ಲಿನ್ ಮುಟ್ಟಿದ ಶಾಲೆಯು ಯೂರೋಪಿನ ಊರೂರಿಗೆ ಹಬ್ಬಿತು. 1921ರಲ್ಲಿ ಬರ್ಲಿಟ್ಸನು ತೀರಿಕೊಂಡನು.

ಅಂತಹ ಬಡ ವಿದ್ಯಾವಂತರಲ್ಲಿ ಒಬ್ಬನು ಜೇಮ್ಸ್ ಜಾಯ್ಸ್. ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದವನು, 1904ರ ಅಕ್ಟೋಬರಿನಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಐರ್ಲೆಂಡಿನಿಂದ ಇಲ್ಲಿಗೆ ಬಂದನು. ಇಲ್ಲಿ ಸ್ಥಾನ ತೆರವಿರಲಿಲ್ಲ. ಹತ್ತಿರದ ಪೋಲಾ ಬಂದರಿನ ಶಾಖೆಯಲ್ಲಿ, ವಾರಕ್ಕೆ ಹದಿನಾರು ಗಂಟೆಯ ಪಾಠಕ್ಕೆ ಎರಡು ಪೌಂಡಿನಂತೆ, ಆಸ್ಟ್ರಿಯದ ನೌಕಾಪಡೆಯ ಅಧಿಕಾರಿಗಳಿಗೆ ಇಂಗ್ಲಿಷ್ ಕಲಿಸಿ, 1905ರಲ್ಲಿ ತ್ರಿಯೆಸ್ತೆಯ ಶಾಲೆಗೆ ಸೇರಿದನು. ಪಕ್ಕದ 30ನೆಯ ಮನೆಯಲ್ಲಿ ಬಾಡಿಗೆಗಿದ್ದನು. ಮೊದಲ ಮಗು ಹುಟ್ಟಿದ್ದು ಅಲ್ಲಿಯೇ. ಇದೇ ಊರಿನ ವರ್ತಕರ ಹಣದಿಂದ ಡಬ್ಲಿನ್ನಿಗೆ ಹೋಗಿ 1909ರ ಡಿಸೆಂಬರಿನಲ್ಲಿ ‘ವೋಲ್ಟಾ’ ಎಂಬ ಚಲಚ್ಚಿತ್ರಮಂದಿರವನ್ನೂ ತೆರೆದನು. ಮರುವರ್ಷವೇ ನಷ್ಟದಲ್ಲಿ ಮಾರಬೇಕಾಯಿತು. ದೇಶ ಸುತ್ತುತ್ತ ಭಾಷೆ ಕಲಿಸುವ, ಅದನ್ನೇ ಚಿತ್ರ ತೆಗೆದು ಜೀವಿಸುವ ತರುಣರನ್ನು ಮಗನ ಮೊಬೈಲಿನಲ್ಲಿ ಕಂಡಿದ್ದ ನಮಗೆ, ಈ ಎರಡು ಕಸುಬುಗಳ ನೆಂಟು ಇಷ್ಟು ಹಳೆಯದೆಂದು ತಿಳಿದಿರಲಿಲ್ಲ.

ನಮ್ಮ ಮನಸ್ಸನ್ನು ಹಿಡಿದ ಸಂಗತಿ ಬೇರೆ. ಊರಿಗೆಲ್ಲ ಇಂಗ್ಲಿಷ್ ಮಾರಿದವನ ಮನೆಯಲ್ಲಿ ಮಕ್ಕಳಾಡಿದ ಮಾತು ತ್ರಿಯೆಸ್ತೆಯ ಬೀದಿಯ ಇಟಾಲಿಯನ್. ಯುದ್ಧ ಕಾಲದಲ್ಲಿ ಜ್ಯೂರಿಚ್‌ಗೆ ಹೋದರೂ, ಆಮೇಲೆ ಪ್ಯಾರಿಸಿನಲ್ಲಿ ನೆಲಸಿದರೂ, ಆ ಕುಟುಂಬವು ತಮ್ಮೊಳಗೆ ಅದನ್ನೇ ಆಡಿಕೊಂಡಿತು. ಇದನ್ನು ಹೇಳಿದಾಗ ಮನೆಯವರು ಮೊಮ್ಮಗಳ ಕಡೆ ನೋಡಿ ಸುಮ್ಮನಾದರು.

ಮರುದಿನ ಬೆಳಗ್ಗೆ ನಾವು ಬರ್ಲಿಟ್ಸನ ಕಾನೂನನ್ನು ಜಾರಿಗೆ ತಂದೆವು: ಸಂಜೆಯ ವರೆಗೆ ಕನ್ನಡದ ಹೊರತು ಬೇರೆ ಮಾತಿಲ್ಲ. “ಮಗುವಿಗೆ ಹಸಿವಾದರೆ?” ಎಂದು ಮನೆಯವರು ಆಕ್ಷೇಪಿಸಿದರು. ಕಾಲುವೆಯ ದಡದಲ್ಲಿ ದೋಣಿಯನ್ನು ತೋರಿಸಿ “ಇದೇನು?” ಎಂದೆವು, ಕೆಂಪು ಸೇತುವೆಯ ಮೇಲಿನ ಜಾಯ್ಸನ ಕಂಚಿನ ಪ್ರತಿಮೆಯನ್ನು ತೋರಿಸಿ “ಇವರಾರು?” ಎಂದೆವು. ಉತ್ತರವಿಲ್ಲ. ಹನ್ನೊಂದು ಗಂಟೆಗೆ ಅವಳು ಒಂದು ಅಂಗಡಿಯ ಮುಂದೆ ನಿಂತು “ಐಸ್” ಎಂದಳು. ಜರ್ಮನಿನಲ್ಲಿಯೂ ಅದಕ್ಕೆ ಅದೇ ಉಚ್ಚಾರ. ಇದು ನಮ್ಮೂರಿನ ಮಾತೇ ಎಂದು ಮನೆಯವರು ತೀರ್ಪಿತ್ತು ಕೊಡಿಸಿಬಿಟ್ಟರು.

ಮಧ್ಯಾಹ್ನ ಸಮುದ್ರದೊಳಕ್ಕೆ ಚಾಚಿರುವ ‘ಮೋಲೊ ಔದಾಚೆ’ ಕಟ್ಟೆಯ ತುದಿಗೆ ನಡೆದೆವು. ಗಾಳಿ ಎದ್ದಿತು. ಹುಡುಗಿಯ ಉಣ್ಣೆಯ ಟೊಪ್ಪಿಗೆ ಹಾರಿ ನೀರಿಗೆ ಬಿದ್ದಿತು.

“ತಾತಾ, ಟೊಪ್ಪಿಗೆ ಓಡಿಹೋದಳು!”

ಜರ್ಮನರಲ್ಲಿ ಟೊಪ್ಪಿಗೆಯು ಸ್ತ್ರೀಲಿಂಗವಂತೆ. ಮನೆಯವರು ತಿದ್ದಲು ಬಾಯಿ ತೆರೆದರು, ನಾವು ಮೆಲ್ಲನೆ ಅವರ ಮೊಣಕೈ ಅದುಮಿ, “ಎಲ್ಲಿಗೆ ಹೋದಳಮ್ಮಾ?” ಎಂದು ಕೇಳಿದೆವು.