ನಿದ್ದೆ ಹುಡುಕಿಕೊಂಡು ಹುಕ್ಕೇರಿಗೆ

ನಮ್ಮ ಮನೆ ಮೂಡಲಗಿಯಲ್ಲಿ, ರಸ್ತೆಗೆ ಹತ್ತಿಕೊಂಡೇ ಇದೆ. ಮದುವೆಯಾಗಿ ಬಂದ ಹೊಸದರಲ್ಲಿ ಬಾಗಿಲಲ್ಲಿ ನಿಂತು ಹೋಗಿ ಬರುವ ಬಸ್ಸು, ಲಾರಿ ನೋಡುವುದೇ ನನಗೊಂದು ಸಂಭ್ರಮ. ಈಗ ಕಬ್ಬಿನ ಹಂಗಾಮು ಬಂತೆಂದರೆ ಎದೆ ಧಸಕ್ಕೆನ್ನುತ್ತದೆ. ಕಾರ್ಖಾನೆ ಶುರುವಾದ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಾಲು ಹಚ್ಚುತ್ತವೆ. ಎಂಜಿನ್ನಿನ ಸದ್ದು ಸಾಲದೆಂಬಂತೆ ಮೇಲೆ ದೊಡ್ಡ ಸ್ಪೀಕರಿನ ಹಾಡು. ಅಡಿಗೆಮನೆಯ ಸ್ಟೀಲ್ ಡಬ್ಬಿಗಳು ಸಹ ನಡುಗುತ್ತವೆ. "ನಮಗೇನು, ರೂಢಿ ಆಗೇತಿ" ಎನ್ನುತ್ತಿದ್ದೆವು.

ಆದರೆ ಹೋದ ವರ್ಷ ನವೆಂಬರಿನಲ್ಲಿ ನಮ್ಮ ಅತ್ತೆಯವರ ರಕ್ತದೊತ್ತಡ ಇಳಿಯಲೇ ಒಲ್ಲದು. ಎಪ್ಪತ್ತು ದಾಟಿದ ಜೀವ. ಬಸ್ಸು ಹತ್ತಿಸಿಕೊಂಡು ಗೋಕಾಕಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಉಪ್ಪಿನಕಾಯಿ, ಹಪ್ಪಳ ಬಿಟ್ಟಾರೇನ್ರಿ?" ಎಂದರು ಡಾಕ್ಟರು. ಬಿಟ್ಟಿದ್ದಾರೆಂದೆ. "ರಾತ್ರಿ ನಿದ್ದಿ?"

ಅತ್ತೆಯವರೇ ಹೇಳಿದರು: "ನಿದ್ದಿ ಎಲ್ಲೀದಪ್ಪಾ! ಕಣ್ಣು ಹತ್ತೂದ್ರಾಗ ಟ್ಯಾಕ್ಟರ್ ಬರ್ತೈತಿ."

ಆಗ ಡಾಕ್ಟರು ತಿಳಿಸಿ ಹೇಳಿದರು. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಮುಚ್ಚಳವಿಲ್ಲ. ನಾವು ಮಲಗಿದರೂ ಕಿವಿ ಕೇಳುತ್ತಲೇ ಇರುತ್ತದೆ. ಜೋರು ಸದ್ದು ಬಂದಾಗ ಮೈ ಅದನ್ನು ಅಪಾಯವೆಂದೇ ತಿಳಿಯುತ್ತದೆ. ಗಾಬರಿಯ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಬೆಳಿಗ್ಗೆ ಎದ್ದಾಗ ನಮಗೆ ಇದಾವುದೂ ನೆನಪಿರುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ರಕ್ತದೊತ್ತಡ, ಹೃದಯದ ಕಾಯಿಲೆ ಬರುವ ಸಂಭವ ಹೆಚ್ಚು. ರೂಢಿಯಾಗುವುದು ಮನಸ್ಸಿಗೆ ಮಾತ್ರ, ಮೈಗಲ್ಲ! ಗುಳಿಗೆ ಹೆಚ್ಚಿಸುವ ಮೊದಲು ಸ್ವಲ್ಪ ದಿನ ಸದ್ದಿಲ್ಲದ ಕಡೆ ಇಟ್ಟು ನೋಡಿರೆಂದರು.

ಹುಕ್ಕೇರಿಯಲ್ಲಿ ನನ್ನ ನಾದಿನಿಯ ಮನೆಯಿದೆ. ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿ ಕರದಂಟು ಕಟ್ಟಿಸಿಕೊಂಡೆವು. "ಇಲ್ಲೀತನಕ ಬಂದೇವಿ, ಧಬಧಬಿ ನೋಡಿಕೊಂಡು ಹೋಗೂಣ" ಎಂದರು ಅತ್ತೆ.

ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. 1887ರಷ್ಟು ಹಿಂದೆಯೇ ಈ ನೀರಿನಿಂದ ಇಲ್ಲಿ ವಿದ್ಯುತ್ತು ತೆಗೆದಿದ್ದರಂತೆ. ಮಳೆಗಾಲದ ಅಬ್ಬರ ಇಳಿದಿತ್ತು. ತೂಗುಸೇತುವೆಯನ್ನು ದೂರದಿಂದಲೇ ನೋಡಿ ಮಹಾಲಿಂಗೇಶ್ವರನಿಗೆ ಕೈಮುಗಿದೆವು. ಗುಡಿಯ ಕಂಬಕ್ಕೆ ಒರಗಿ ಕೂತ ಅತ್ತೆ, ನಾನು ನೀರಿನ ಬಾಟಲಿ ತೆಗೆಯುವುದರೊಳಗೆ ನಿದ್ದೆ ಹೋಗಿಬಿಟ್ಟಿದ್ದರು! ಅರ್ಧ ತಾಸು ಎಬ್ಬಿಸಲಿಲ್ಲ. ನೀರಿನದೂ ಸದ್ದೇ ಅಲ್ಲವೇ ಎಂದು ಯೋಚಿಸುತ್ತ ಕುಳಿತೆ. ನೀರು ಒಂದೇ ಸಮನೆ ಸುರಿಯುತ್ತದೆ, ಯಾರನ್ನೂ ಬೆಚ್ಚಿ ಬೀಳಿಸುವುದಿಲ್ಲ. ಹಾರ್ನು ಹಾಗಲ್ಲ, ಒಮ್ಮೆಲೇ ಬಂದು "ಸರಿ ಆಚೆ" ಎಂದು ಗದರಿಸುತ್ತದೆ.

ಹುಕ್ಕೇರಿ ಎಂದರೆ ಆದಿಲಶಾಹಿ ಕಾಲದ ಗುಮ್ಮಟಗಳ ಊರು. ಅಲ್ಲಿಯೂ ಬಸ್ಸು, ಲಾರಿ ಇಲ್ಲದಿಲ್ಲ. ಆದರೆ ನಾದಿನಿಯ ಮನೆ ಒಳಗಿನ ಓಣಿಯಲ್ಲಿ. ಅತ್ತೆ ಮೊದಲ ರಾತ್ರಿಯೇ ಕೋಳಿ ಕೂಗುವ ತನಕ ಮಲಗಿದರು. "ವೈನಿ, ಅವ್ವ ಇಷ್ಟು ಮಲಗಿದ್ದು ನೋಡೇ ಇಲ್ಲ" ಎಂದು ನಾದಿನಿಗೂ ಅಚ್ಚರಿ.

ಅವಳ ಮಗಳು ಬಿ.ಎಸ್ಸಿ. ಓದುತ್ತಾಳೆ. ಅವಳು ಹೇಳಿದ್ದು ಕೇಳಿ. ಸದ್ದನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮೀರಬಾರದು. ಆ ಹೊತ್ತಿನಲ್ಲಿ ತುರ್ತಿಲ್ಲದೆ ಹಾರ್ನೂ ಹೊಡೆಯಬಾರದು. ಮಕ್ಕಳ ಓದಿಗೂ ಗದ್ದಲ ಮಾರಕ. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ರೈಲು ಓಡುತ್ತಿತ್ತಂತೆ. ರೈಲಿನ ಬದಿಯ ಕೋಣೆಯ ಮಕ್ಕಳು ಓದುವುದರಲ್ಲಿ ಆಚೆ ಬದಿಯವರಿಗಿಂತ ಹಿಂದೆ ಬಿದ್ದಿದ್ದು 1975ರಲ್ಲಿ ಗೊತ್ತಾಯಿತು. ಹಳಿಗೆ ರಬ್ಬರು, ಕೋಣೆಗೆ ಸದ್ದು ಹೀರುವ ಹಾಸು ಹಾಕಿಸಿದ ಮೇಲೆ ಎರಡೂ ಬದಿಯವರು ಸಮನಾದರಂತೆ. ರಸ್ತೆಬದಿಯ ಕಿಟಕಿಯಲ್ಲಿ ಕೂತು ಹತ್ತನೆಯ ಈಯತ್ತೆ ಓದುವ ನನ್ನ ಮಗ ಕಣ್ಣ ಮುಂದೆ ಬಂದ.

ಹದಿನೈದು ದಿನಕ್ಕೆ ಊರಿಗೆ ಮರಳಿದೆವು. ಒಂದು ರಾತ್ರಿ ನಮ್ಮ ಮನೆಯೆದುರೇ ಟ್ರ್ಯಾಕ್ಟರೊಂದು ಪಂಕ್ಚರ್ ಆಗಿ ನಿಂತಿತು. ಬೈಯಬೇಕೆಂದೇ ಹೊರಗೆ ಬಂದೆ. ಇಪ್ಪತ್ತೆರಡರ ಹುಡುಗ, ಕಣ್ಣು ಕೆಂಪಗೆ. "ಅಕ್ಕಾರ, ಹಾಡು ಹಚ್ಚಲಿಲ್ಲಂದ್ರ ನಿದ್ದಿ ಬರ್ತೈತ್ರಿ. ಪಾಳಿ ಹಚ್ಚಿ ಹಚ್ಚಿ ಎರಡು ರಾತ್ರಿ ಆತು" ಎಂದ. ನನ್ನ ಮಾತನ್ನು ಎರಡೆರಡು ಸಲ "ಆಂ?" ಎಂದು ಕೇಳಿದ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವಂತೆ. ಬೈಗುಳ ಬಾಯಲ್ಲೇ ಉಳಿಯಿತು, ಚಹಾ ಮಾಡಿಕೊಟ್ಟೆ. ನಮ್ಮ ನಿದ್ದೆ ಕೆಡಿಸುವವನಿಗೂ ನಿದ್ದೆಯಿರಲಿಲ್ಲ.

ಈಗ ಅತ್ತೆಯವರ ಮಂಚ ಹಿತ್ತಿಲ ಕೋಣೆಗೆ ಹೋಗಿದೆ. ಮಗನ ಪುಸ್ತಕಗಳೂ ಅಲ್ಲೇ. ಮುಂದಿನ ಕಿಟಕಿಯ ಸಂದಿಗೆ ರಬ್ಬರು ಪಟ್ಟಿ ಬಡಿಸಿದ್ದೇವೆ. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಊರಿನ ಟ್ರ್ಯಾಕ್ಟರ್ ಮಾಲೀಕರ ಮನೆಗೆ ಹೋಗಿ, ಊರೊಳಗೆ ಬರುವಾಗ ಹಾಡು ಬಂದ್ ಮಾಡಿಸಿ, ಹುಡುಗರಿಗೆ ಮಲಗಲು ನಾಲ್ಕು ತಾಸು ಕೊಡಿ ಎಂದು ಕೇಳಿಕೊಂಡೆವು. ಕೆಲವರು ಕೇಳಿದ್ದಾರೆ, ಕೆಲವರು ಇಲ್ಲ. ಅತ್ತೆಯವರು ಗುಳಿಗೆ ಬಿಟ್ಟಿಲ್ಲ, ಬಿಡಲೂಬಾರದು. ಆದರೆ ಡಾಕ್ಟರು ಅದನ್ನು ಹೆಚ್ಚಿಸಲಿಲ್ಲ.

ಸೋದರಿಯರೇ, ಉಪ್ಪು ಕಡಿಮೆ ಮಾಡುವುದು ನಮಗೆಲ್ಲ ಗೊತ್ತು. ಮನೆಯ ಹಿರಿಯರ ಮಂಚ ಯಾವ ಕೋಣೆಯಲ್ಲಿದೆ ಎಂಬುದನ್ನೂ ಒಮ್ಮೆ ನೋಡಿರಿ.