ಶಾಲೆಯಿಲ್ಲದ ಮಕ್ಕಳ ಬೇಸಿಗೆ ರಜೆ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಬೀಗ ಬೀಳುತ್ತಿದ್ದಂತೆ ಮಂಡ್ಯದ ಗುತ್ತಲಿನ ಬೀದಿಗಳ ಸದ್ದೇ ಬದಲಾಗುತ್ತದೆ. ಬೆಳಿಗ್ಗೆ ಏಳಕ್ಕೇ ಬ್ಯಾಟು, ಚೆಂಡು, ಸೈಕಲ್ಲುಗಳು ಹೊರಗೆ ಬರುತ್ತವೆ. ಹಿಂದೆ ಹಳ್ಳಿಯಾಗಿದ್ದು ಈಗ ಪಟ್ಟಣದೊಳಗೇ ಸೇರಿಹೋಗಿರುವ ಈ ಗುತ್ತಲಿನ ಒಂದು ಮನೆಯ ಇಬ್ಬರು ಮಕ್ಕಳಿಗೆ ಮಾತ್ರ ಶಾಲೆ ಮುಚ್ಚಿದ ಸಂಭ್ರಮವಿಲ್ಲ. ಅವರಿಗೆ ಶಾಲೆಯೇ ಇಲ್ಲ. ಹದಿಮೂರು ತುಂಬಿದ ಮಗಳು, ಎಂಟು ವರ್ಷದ ಮಗ, ಇಬ್ಬರೂ ಓದುವುದು ಮನೆಯಲ್ಲಿ, ಅಮ್ಮನ ಹತ್ತಿರ.

ಮನೆಪಾಠ ಎಂದರೆ ನಮ್ಮ ಕಡೆ ಟ್ಯೂಷನ್ ಎಂದೇ ಅರ್ಥ. ಶಾಲೆಯ ಬದಲಿಗೆ ಮನೆ ಎನ್ನುವುದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಒಳ್ಳೆಯ ಮಾತು ಬಳಕೆಗೆ ಬಂದಿಲ್ಲ. ಹಾಗಾಗಿ ಈ ಮನೆಯವರಿಗೆ ಪ್ರತಿಸಲವೂ ಇಡೀ ಕಥೆ ಹೇಳಬೇಕಾಗುತ್ತದೆ. ಅವರದು ಕ್ರೈಸ್ತ ಕುಟುಂಬ. ಅಪ್ಪ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುವ ನೌಕರ. ಅಮ್ಮ ಮದುವೆಗೆ ಮುಂಚೆ ಟೀಚರಾಗಿದ್ದವರು. ಬೈಬಲ್ ಓದಿಸುವುದಕ್ಕಾಗಿಯೇ ಮಕ್ಕಳನ್ನು ಶಾಲೆ ಬಿಡಿಸಿದರು ಎಂದು ನೆಂಟರಲ್ಲಿ ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ಮೂರನೇ ತರಗತಿಯಲ್ಲಿದ್ದಾಗ ಮಗಳು ಪುಸ್ತಕ ಬಿಚ್ಚಿದ ಕೂಡಲೇ ಹೊಟ್ಟೆನೋವೆಂದು ಅಳುತ್ತಿದ್ದಳು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಆ ವರ್ಷ ಬಿಡಿಸಿದ ಶಾಲೆಗೆ ಅವಳು ಮತ್ತೆ ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಅದೇ ಹೊಟ್ಟೆನೋವು ಮರುಕಳಿಸಿತು. ಉಳಿದ ಮಕ್ಕಳು ಆಡುವಾಗ ನಮ್ಮವರು ಮುಂದೆ ಹೋಗಲಿ ಎಂದು ಅಮ್ಮ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದರು. ಗಣಿತ, ಇಂಗ್ಲಿಷು, ವಿಜ್ಞಾನ, ಮತ್ತೆ ಗಣಿತ. ಮೇ ಮೊದಲ ವಾರಕ್ಕೇ ಹುಡುಗಿ ಹೊಟ್ಟೆ ಹಿಡಿದುಕೊಂಡು ಮೂಲೆಗೆ ಕುಳಿತಳು. ಯಾವುದರಿಂದ ಪಾರು ಮಾಡಲು ಮನೆಗೆ ಕರೆತಂದರೋ ಅದೇ ಮನೆಯೊಳಗೆ ಬಂದು ಕೂತಿತ್ತು. ಅಪ್ಪ ಏನೂ ಮಾತಾಡದೆ ಆ ಹಾಳೆಯನ್ನು ಕಿತ್ತು ಮಡಿಸಿ ಬೀರುವಿನಲ್ಲಿಟ್ಟರು.

ಈ ವರ್ಷದ ಹಾಳೆಯಲ್ಲಿ ಹೆಚ್ಚು ಜಾಗ ಖಾಲಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದೂವರೆ ಗಂಟೆ ಪಾಠ, ಅಷ್ಟೇ. ಮೊದಲಿಗೆ ಒಂದು ಕೀರ್ತನೆ. ಬೈಬಲ್ಲಿನ ಕೀರ್ತನೆಗಳು ಒಟ್ಟು 150. ಈಸ್ಟರಿಂದ ಪಂಚಾಶತ್ತಮ ದಿನಕ್ಕೆ ಏಳು ವಾರ. ಅಷ್ಟರೊಳಗೆ ಎಷ್ಟಾದರೆ ಅಷ್ಟು, ಮುಗಿಸಲೇಬೇಕೆಂಬ ಹಟವಿಲ್ಲ. ಆಯ್ಕೆಯ ಸರದಿ ಬಂದ ದಿನ ಮಗ ತಪ್ಪದೆ 117ನೆಯದನ್ನೇ ಆರಿಸುತ್ತಾನೆ. ಅದರಲ್ಲಿ ಇರುವುದು ಎರಡೇ ವಚನ. ಅಕ್ಕನಿಗೆ ಸಿಟ್ಟು ಬಂದ ದಿನ ಅವಳು 119 ತೆಗೆಯುತ್ತಾಳೆ, ಅದರಲ್ಲಿ 176! ಆಮೇಲೆ ಇಪ್ಪತ್ತು ಇಪ್ಪತ್ತು ನಿಮಿಷದ ಪಾಠಗಳು. ಓದಿದ್ದನ್ನು ಪುಸ್ತಕ ಮುಚ್ಚಿ ತಮ್ಮ ಮಾತಿನಲ್ಲಿ ಹೇಳಬೇಕು. ಇದು ಇಂಗ್ಲೆಂಡಿನ ಷಾರ್ಲಟ್ ಮೇಸನ್ (1842–1923) ಎಂಬ ಶಿಕ್ಷಕಿ ಹೇಳಿಕೊಟ್ಟ ದಾರಿ. ಚಿಕ್ಕ ಮಕ್ಕಳಿಗೆ ಪಾಠ ಚಿಕ್ಕದಿರಬೇಕು, ಹೊರಗಿನ ಗಾಳಿ ಬೆಳಕು ಹೆಚ್ಚಿರಬೇಕು ಎಂದವರು ಆಕೆ. ಇಂಗ್ಲೆಂಡಿನ ತಂಪಿನಲ್ಲಿ ಹೇಳಿದ ಮಾತು ಮಂಡ್ಯದ ಬಿಸಿಲಿಗೆ ಪೂರ್ತಿ ಒಗ್ಗುವುದಿಲ್ಲ, ಮಧ್ಯಾಹ್ನ ಹನ್ನೊಂದರ ಮೇಲೆ ಹೊರಗೆ ಕಳಿಸಿದರೆ ಜ್ವರ ಖಂಡಿತ. ಅದನ್ನು ಇಲ್ಲಿಗೆ ತಕ್ಕಂತೆ ತಿದ್ದಿಕೊಂಡಿದ್ದಾರೆ.

ಪಾಠ ಒಂಬತ್ತರೊಳಗೆ ಮುಗಿಯುವುದಕ್ಕೆ ಇನ್ನೊಂದು ಕಾರಣವಿದೆ. ಇಡೀ ವರ್ಷ ಬೀದಿಯ ಮಕ್ಕಳು ಶಾಲೆಯಲ್ಲಿರುವಾಗ ಈ ಇಬ್ಬರಿಗೆ ಜೊತೆಗಾರರೇ ಇರುವುದಿಲ್ಲ. ಜೊತೆ ಸಿಗುವುದು ಈ ಏಳು ವಾರ ಮಾತ್ರ. ಮನೆಯಲ್ಲೇ ಓದುವ ಮಕ್ಕಳಿಗೆ ಬೇಸಿಗೆ ಎಂದರೆ ಹೆಚ್ಚು ಓದುವ ಕಾಲವಲ್ಲ, ಗೆಳೆಯರ ಕಾಲ. ಇದು ಅಮ್ಮನಿಗೆ ಹೊಳೆಯಲು ಒಂದು ವರ್ಷ ಬೇಕಾಯಿತು. ಚರ್ಚಿನ ರಜಾ ಬೈಬಲ್ ಶಾಲೆಗೂ ಕಳಿಸುವುದು ಹಾಡಿಗೆ, ಆಟಕ್ಕೆ, ಬೇರೆ ಮಕ್ಕಳ ಸಹವಾಸಕ್ಕೆ. ಎಲ್ಲದಕ್ಕೂ ಒಂದೇ ಕಟ್ಟುನಿಟ್ಟು: ದೊಡ್ಡವರಿಲ್ಲದೆ ನಾಲೆಯ ಹತ್ತಿರ ಸುಳಿಯಕೂಡದು.

ಈ ಹಾಳೆಯಲ್ಲಿ ಇಲ್ಲದ ವಿಜ್ಞಾನ ಮಾತ್ರ ತಾನಾಗಿ ನಡೆಯುತ್ತಿದೆ. ತಾರಸಿಯ ಮೇಲೆ ಮಣ್ಣು ತುಂಬಿದ ಡಬ್ಬಿಯಲ್ಲಿ ಒಂದು ನೇರ ಕೋಲು ನೆಟ್ಟು ನಡುಹಗಲಿನ ನೆರಳನ್ನು ದಿನವೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಮಂಡ್ಯ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿ. ಉತ್ತರಕ್ಕೆ ಸರಿಯುವ ಸೂರ್ಯ ಏಪ್ರಿಲ್ 23ರ ಆಸುಪಾಸಿನಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಕೋಲಿಗೆ ನೆರಳೇ ಇಲ್ಲ! ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಹೊತ್ತಿಗೆ. ಯಾಕೆ ಎಂದು ಮಗ ಕೇಳಿದ. ದೇಶದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಮಂಡ್ಯ ಅದಕ್ಕಿಂತ ಪಶ್ಚಿಮಕ್ಕಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ ತಡ ಎಂದು ಭೂಪಟ ಬಿಚ್ಚಿ ವಿವರಿಸಿದ್ದು ಅಮ್ಮನಲ್ಲ, ಅಕ್ಕ. ಬೀದಿಯ ನಾಲ್ಕಾರು ಹುಡುಗರೂ ತಾರಸಿ ಹತ್ತಿ ಬಂದರು. ಅಂದು ಅವಳಿಗೆ ಹೊಟ್ಟೆನೋವು ಬರಲಿಲ್ಲ.

ಅದೇ ತಾರಸಿಯಲ್ಲಿ ಅಜ್ಜಿಯ ಸಂಡಿಗೆ ಒಣಗುತ್ತದೆ. ಕಾಗೆ ಕಾಯುವ ಕೆಲಸ ಮೊಮ್ಮಗನದು. ಮಧ್ಯಾಹ್ನ ಮುದ್ದೆ ಉಪ್ಪುಸಾರು ಉಂಡ ಮೇಲೆ ಎಲ್ಲರೂ ಮಲಗಬೇಕು, ಇಲ್ಲವೇ ಸದ್ದಿಲ್ಲದೆ ಕಥೆಪುಸ್ತಕ ಓದಬೇಕು. ಒಂದು ಶನಿವಾರ ನಸುಕಿನಲ್ಲೇ ಹೊರಟು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದರು. ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ನೋಡಿ ಬಂದ ಮೇಲೆ ಅದರ ಬಗ್ಗೆ ಪ್ರಬಂಧ ಬರೆಸಲಿಲ್ಲ. ಬರೆಸಬೇಕೆಂದು ಅಮ್ಮನ ಕೈ ತುರಿಸುತ್ತಿದ್ದುದು ನಿಜ.

ಆದರೆ ಅಜ್ಜಿಗೆ ಸಮಾಧಾನವಿಲ್ಲ. "ಅಲ್ಲ ಕಣವ್ವ, ನೆರಳು ಅಳ್ದಿದ್ದುಕ್ಕೆ ಯಾರು ಸರ್ಟಿಫಿಕೇಟ್ ಕೊಟ್ಟಾರು?" ಎನ್ನುತ್ತಾರೆ. ಅದು ತಳ್ಳಿಹಾಕುವ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಅದರಲ್ಲಿ ಬೇರೆ ಮಾತಿಲ್ಲ. ಇಂಥ ಮನೆಗಳಿಗೆ ಇರುವ ಒಂದು ಬಾಗಿಲೆಂದರೆ 1989ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಈಗಿನ ಎನ್‌ಐಒಎಸ್. ಹದಿನಾಲ್ಕು ತುಂಬಿದರೆ ಅಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಮಗಳಿಗೆ ಹದಿನಾಲ್ಕು ತುಂಬುವುದು ಈ ಜೂನ್‌ನಲ್ಲಿ.

ತಾರಸಿಗೆ ಬಂದಿದ್ದ ಹುಡುಗಿಯರಲ್ಲಿ ಒಬ್ಬಳು ಎಂಟನೇ ತರಗತಿ ಮುಗಿಸಿದವಳು. ಮೇ ಕೊನೆಗೆ ಅವಳ ಹೈಸ್ಕೂಲು ತೆರೆಯುತ್ತದೆ. "ಒಂದು ದಿನ ಅವಳ ಜೊತೆ ಹೋಗಿ ಕ್ಲಾಸು ಹೇಗಿರುತ್ತೆ ಅಂತ ನೋಡ್ಕೊಂಡು ಬರ್ಲಾಮ್ಮ?" ಎಂದು ಮಗಳು ಕೇಳಿದ್ದಾಳೆ. ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು, ಹೆಡ್‌ಮಾಸ್ಟರನ್ನು ಕೇಳಿ ನೋಡೋಣ ಎಂದರು. ಮುಕ್ತ ಶಾಲೆಯ ಅರ್ಜಿ ಸದ್ಯಕ್ಕೆ ಬೀರುವಿನಲ್ಲಿ, ಕಳೆದ ವರ್ಷದ ಟೈಮ್‌ಟೇಬಲ್ಲಿನ ಪಕ್ಕದಲ್ಲಿದೆ. ಈ ವರ್ಷದ ಹಾಳೆಯಲ್ಲಿ ಜೂನ್ ಮೊದಲ ವಾರದ ಸಾಲನ್ನು ಮಗಳೇ ಅಳಿಸಿ ಖಾಲಿ ಬಿಟ್ಟಿದ್ದಾಳೆ.