ಬೆಸುಗೆ

ಲೋಕದಲ್ಲಿ ಮೈಯ ಅಂದವನ್ನು ಹೊಗಳುವವರು ಬಹಳ ಮಂದಿ. ಆ ಅಂದವನ್ನು ಹೊತ್ತು ನಿಂತಿರುವ ಮರೆಯ ಎಲುಬನ್ನು ನೆನೆಯುವವರು ವಿರಳ. ಮನೆಯನ್ನು ಕೊಳ್ಳಬಂದವನು ಬಾಗಿಲಿನ ಕೆತ್ತನೆಯನ್ನು ನೋಡುವನೇ ಹೊರತು ತಳಪಾಯವನ್ನು ವಿಚಾರಿಸುವುದಿಲ್ಲ. ಮೋಟಾರು ಗಾಡಿಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದು.

ಜಯನಗರದ ಒಂದು ಮನೆಯಲ್ಲಿ ಅಮೆರಿಕೆಯ ಫೋರ್ಡ್ ಸಂಸ್ಥೆಯವರ ಮಸ್ಟಾಂಗ್ ಎಂಬ ಹಳೆಯ ಗಾಡಿಯೊಂದುಂಟು. ಮನೆಯ ಯಜಮಾನರು ಅದನ್ನು ಬಹುಕಾಲ ಅಕ್ಕರೆಯಿಂದ ಕಾಪಾಡಿ, ಕಡೆಗಾಲದಲ್ಲಿ ಮಗನಿಗೆ ಒಪ್ಪಿಸಿದರು. 1964ನೆಯ ಇಸವಿಯ ಏಪ್ರಿಲಿನಲ್ಲಿ ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಜಾತಿಯ ಗಾಡಿಗೆ, ಲಾರಿಗಳಿಗೆ ಇರುವಂತೆ ಮುಂದಿನಿಂದ ಹಿಂದಿನವರೆಗೆ ಅಖಂಡವಾದ ಉಕ್ಕಿನ ಚೌಕಟ್ಟಿಲ್ಲ. ಎಂಜಿನನ್ನು ಹೊರಲು ಮುಂದೆ ಒಂದು ಜೊತೆ ತೊಲೆ; ಹಿಂದಿನ ಗಾಲಿಗಳ ಭಾರವನ್ನು ತಡೆಯಲು ಹಿಂದೆ ಒಂದು ಜೊತೆ. ನಡುವೆ ಇವೆರಡನ್ನು ಕೂಡಿಸುವುದು ಮುಖ್ಯವಾಗಿ ತಳದ ತಗಡು ಮತ್ತು ಬಾಗಿಲುಗಳ ಕೆಳಗಿನ ಅಂಚು.

ಬೆಂಗಳೂರಿನ ಬೀದಿಯ ಉಬ್ಬುಗಳನ್ನು ಓರೆಯಾಗಿ ಏರಿದಾಗ ಒಂದು ಗಾಲಿ ಮೇಲಕ್ಕೂ ಮತ್ತೊಂದು ಕೆಳಕ್ಕೂ ಹೋಗುವುದಷ್ಟೆ. ಆಗ ಇಂತಹ ಗಾಡಿಯ ಮೈ, ಒದ್ದೆ ಪಂಚೆಯನ್ನು ಹಿಂಡಿದಂತೆ ತಿರುಚಿಕೊಳ್ಳುವುದು. ವರ್ಷಗಳು ಕಳೆದಂತೆ ಬಾಗಿಲ ಸಂದುಗಳು ಏರುಪೇರಾಗಿ, ಕೀಲುಗಳಲ್ಲಿ ಕಿರುಗುಟ್ಟುವ ಸದ್ದು ಹುಟ್ಟುವುದು. ಈ ಗಾಡಿಯ ಒಂದು ಮೂಲೆಗೆ ಜಾಕಿ ಕೊಟ್ಟು ಎತ್ತಿದರೆ ಎಡಬಾಗಿಲು ಮುಚ್ಚುತ್ತಲೇ ಇರಲಿಲ್ಲ.

ಇದಕ್ಕೆ ಪರಿಹಾರ ಸರಳವಾದುದು. ಎರಡು ಅಂಗುಲ ಅಗಲದ, ಸುಮಾರು 3 ಮಿಲಿಮೀಟರು ದಪ್ಪದ ತಗಡಿನ ಚೌಕ ಕೊಳವೆಗಳೆರಡನ್ನು ಮುಂದಿನ ತೊಲೆಗಳಿಂದ ಹಿಂದಿನ ತೊಲೆಗಳಿಗೆ ಬೆಸೆಯುವುದು. ಅವು ಕೆಳಗೆ ಜೋತುಬಿದ್ದರೆ ರಸ್ತೆಯ ಉಬ್ಬಿಗೆ ಉಜ್ಜುವುವು. ಆದುದರಿಂದ ತಳದ ತಗಡಿಗೆ ತೀರ ಹತ್ತಿರವಾಗಿ ಕೂರಿಸತಕ್ಕದ್ದು. ಬನಶಂಕರಿಯ ವೃದ್ಧ ಮೇಸ್ತ್ರಿಯೊಬ್ಬರು ಈ ಕೆಲಸಕ್ಕೆ ಒಪ್ಪಿಕೊಂಡರು.

ತಂದೆಯ ವರ್ಷಾಬ್ದಿಕದ ದಿನ ತಾಯಿಯವರನ್ನು ಆ ಗಾಡಿಯಲ್ಲಿ ಕೂರಿಸಿಕೊಂಡು ಬರಬೇಕೆಂದು ಮಗನ ಆಸೆ. ಉಳಿದಿದ್ದುದು ನಾಲ್ಕೇ ದಿನ. ಗಾಡಿಯನ್ನು ನಡುವೆ ಎತ್ತಿ ನಿಲ್ಲಿಸಲಾಗಿತ್ತು. ಹಾಗೆಯೇ ಬೆಸೆದುಬಿಡಿರೆಂದು ಆತ ಅವಸರಪಡಿಸಿದನು. ಮೇಸ್ತ್ರಿ ಒಪ್ಪಲಿಲ್ಲ.

“ಗಾಡಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಸ್ವಾಮಿ. ನೇತಾಡುವಾಗ ಬೆಸೆದರೆ ಡೊಂಕೇ ಗಟ್ಟಿಯಾಗಿಬಿಡ್ತದೆ” ಎಂದರು.

ಅದೂ ಸಾಲದೆ, ಹಿಂದಿನ ತೊಲೆಯ ಮೂಲದಲ್ಲಿ ತುಕ್ಕು ತಿಂದ ಭಾಗವೊಂದು ಕಂಡಿತು. ಕೊಳೆತ ಕಬ್ಬಿಣಕ್ಕೆ ಹೊಸ ಉಕ್ಕನ್ನು ಬೆಸೆದು ಪ್ರಯೋಜನವೇನು? ಅದನ್ನು ಕತ್ತರಿಸಿ ಹೊಸ ತುಂಡನ್ನು ಕೂರಿಸುವಷ್ಟರಲ್ಲಿ ವರ್ಷಾಬ್ದಿಕದ ದಿನ ಕಳೆದುಹೋಯಿತು. ತಾಯಿಯವರು ಅಂದು ಬಾಡಿಗೆಯ ಗಾಡಿಯಲ್ಲಿಯೇ ಹೋಗಿಬಂದರು. ಮಗನು ಎರಡು ದಿನ ಮೇಸ್ತ್ರಿಯೊಡನೆ ಮಾತನಾಡಲಿಲ್ಲ.

ವ್ಯಾಕರಣವನ್ನು ಓದಿದವರು ಆ ಮುದುಕರ ಹಟವನ್ನು ಬೇಗನೆ ಗ್ರಹಿಸುವರು. ಪದವು ಅಶುದ್ಧವಾಗಿದ್ದರೆ, ಸಂಧಿಯಾದ ಬಳಿಕ ಆ ಅಶುದ್ಧಿಯೂ ಶ್ಲೋಕದೊಳಗೆ ಬೆರೆತುಹೋಗುವುದು. ಅನಂತರ ಅದೊಂದನ್ನೇ ಬಿಡಿಸಿ ತೆಗೆಯುವುದು ಸುಲಭವಲ್ಲ. ಕೂಡಿಸುವ ಕೆಲಸಕ್ಕೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಹೇಗಿದೆಯೋ ಹಾಗೆ ಬಿಗಿಯುವುದಷ್ಟೇ ಅದರ ಧರ್ಮ. ಮುರಿದ ಮನೆತನಗಳನ್ನು ಅವಸರದಿಂದ ಒಂದುಗೂಡಿಸಹೊರಟವರಿಗೂ ಇದು ತಿಳಿದಿರಬೇಕು.

ಕೊನೆಗೆ ಗಾಡಿಯನ್ನು ಸಮನೆಲದಲ್ಲಿ ಅದರ ಭಾರವೆಲ್ಲ ಗಾಲಿಗಳ ಮೇಲೆಯೇ ಬೀಳುವಂತೆ ನಿಲ್ಲಿಸಿ, ಬ್ಯಾಟರಿಯನ್ನು ಬಿಚ್ಚಿ, ಒಳಗಿನ ಹಾಸನ್ನು ಬೆಂಕಿ ತಗಲದಂತೆ ತೆಗೆದರು. ಮೊದಲು ಚುಕ್ಕಿ ಚುಕ್ಕಿಯಾಗಿ ಬೆಸೆದು, ಬಾಗಿಲುಗಳನ್ನು ತೆರೆದು ಮುಚ್ಚಿ ಪರೀಕ್ಷಿಸಿದರು. ಆಮೇಲೆ ಕಾವಿನಿಂದ ಉಕ್ಕು ಸೊಟ್ಟಗಾಗದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಪೂರೈಸಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದರು.

ಮತ್ತೆ ಮೂಲೆಗೆ ಜಾಕಿ ಕೊಟ್ಟು ಎತ್ತಿದಾಗ ಎಡಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಮಗನು ಅದನ್ನು ಮೂರು ಬಾರಿ ತೆರೆದು ಮುಚ್ಚಿ ನೋಡಿದನು. ಮರುದಿನ ತಾಯಿಯವರು ಮುಂದಿನ ಆಸನದಲ್ಲಿ ಕುಳಿತು, ಗಾಡಿ ಬೀದಿಯ ಉಬ್ಬನ್ನು ದಾಟಿದ ಮೇಲೆ, “ಈಗ ನಿಮ್ಮಪ್ಪನ ಕಾಲದ ಹಾಗಿದೆಯಪ್ಪ” ಎಂದರು.